ಎಮ್ಮೆಕೋಡಿನ ಗುರುತು

"ಇನ್ನೊಂದು ಕೊಡ್ರಿ ಅಕ್ಕಾರ," ಎಂದು ಬುರಾನುದ್ದೀನ ಎಡಗೈ ಚಾಚಿದ. ಬಲಗೈಯಲ್ಲಿ ಸುತ್ತಿಗೆ ಎತ್ತಿದ್ದು ಎತ್ತಿದಂತೆಯೇ ಇತ್ತು.

ಗೌರಾಬಾಯಿ ಕಪಾಟಿನಿಂದ ಇನ್ನೊಂದು ಪೊಟ್ಟಣ ತೆಗೆದು, ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು, ಒಳಗಿದ್ದ ಬೆರಳುದ್ದದ ಕಬ್ಬಿಣದ ತುಂಡನ್ನು ಅವನ ಅಂಗೈಗೆ ಹಾಕಿದಳು. ಹೊಚ್ಚ ಹೊಸ ಮಾಲು. ಕಾರ್ಖಾನೆಯ ಎಣ್ಣೆ ಇನ್ನೂ ಆರಿರಲಿಲ್ಲ. ಅವನು ಅದನ್ನು ವೈಸಿನ ದವಡೆಗೆ ಕೊಟ್ಟು ಬಿಗಿದು ಒಂದು ಪೆಟ್ಟು ಹಾಕಿದ. ಏನೂ ಆಗಲಿಲ್ಲ. ಎರಡನೆಯ ಪೆಟ್ಟಿಗೆ ಅದು ಬಿಸ್ಕೀಟಿನಂತೆ ಎರಡಾಯಿತು. ಒಂದು ಚೂರು ಹಾರಿ ಬೆಂಚಿನ ಮೇಲೆ ಕುಳಿತಿದ್ದ ವ್ಯಂಕಟೇಶನ ಚಪ್ಪಲಿಯ ಪಕ್ಕ ಬಿತ್ತು.

"ಕಾಲ ಮ್ಯಾಲ ತಗೋರಿ ಸಾಹೇಬ್ರ."

ವ್ಯಂಕಟೇಶ ಎರಡೂ ಕಾಲನ್ನು ಬೆಂಚಿನ ಮೇಲೆ ಮಡಚಿಕೊಂಡ. ಅವನು ಜೇವರ್ಗಿಯ ಬ್ಯಾಂಕಿನ ಫೀಲ್ಡ್ ಆಫೀಸರ್. ಕ್ಲಚ್ ವೈರು ಹಾಕಿಸಲು ಬಂದವನು ಅರ್ಧ ಗಂಟೆಯಿಂದ ಈ ಬಿಡಿಭಾಗಗಳ ಅಂಗಡಿಯ ಒಡತಿ ಮತ್ತು ಅವಳ ಮಿಸ್ತ್ರಿ ಸೇರಿ ತಮ್ಮದೇ ಸಾಮಾನು ಒಡೆಯುವುದನ್ನು ನೋಡುತ್ತಿದ್ದ.

"ಏನ್ ಹುಚ್ಚ ಹಿಡದದ ನಿಮಗ? ಮಾರೂ ಮಾಲು ಮುರಿಯಾಕತ್ತೀರಲ್ಲ?"

"ಎಷ್ಟಾತು ಮಿಸ್ತ್ರಿ?" ಎಂದು ಗೌರಾಬಾಯಿ ಕೇಳಿದಳು.

"ಏಳರಾಗ ಐದು ಮುರದಾವ. ಎರಡು ಬಾಗ್ಯಾವ." ಬುರಾನುದ್ದೀನ ಬಾಗಿದ್ದೊಂದನ್ನು ಎತ್ತಿ ಬೆಳಕಿಗೆ ಹಿಡಿದ. "ಬಾಗೂದು ಕಬ್ಬಿಣದ ಗುಣರಿ. ಹಿಂಗ ಪಟ್ಟನ ಮುರಿಯೂದು ಕಬ್ಬಿಣದ್ದಲ್ಲ, ಗಡಿಗಿದು."

"ಇದು ನನ್ನ ಗಾಡ್ಯಾಗೂ ಅದ ಏನು?" ಎಂದ ವ್ಯಂಕಟೇಶ. ದನಿ ಈಗ ಬೇರೆಯಾಗಿತ್ತು.

ಬುರಾನುದ್ದೀನ ಹೊರಗೆ ಹೋದ. ನಿಲ್ಲಿಸಿದ್ದ ಮೋಟಾರ್ ಸೈಕಲ್ಲಿನ ಹಿಂಬದಿಗೆ ಕುಕ್ಕರಗಾಲಿನಲ್ಲಿ ಕುಳಿತು, ಒಣಗಿದ ಎರೆಮಣ್ಣನ್ನು ಚಿಂದಿಯಿಂದ ಒರೆಸಿದ. ಅದೇ ತುಂಡು; ಒಳಗೆ ಒಡೆದವುಗಳ ಮೇಲಿದ್ದಂತೆಯೇ ಅದರ ಬೆನ್ನ ಮೇಲೂ ಒತ್ತಿದ ಇಂಗ್ಲಿಷ್ ‘ವಿ’ ಅಕ್ಷರ. ಬುರಾನುದ್ದೀನನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವನು ಎರಡು ಬೆರಳು ಅಗಲಿಸಿ ತಲೆಯ ಮೇಲಿಟ್ಟುಕೊಂಡು ತೋರಿಸಿದ.

"ಅದ ಸಾಹೇಬ್ರ. ಎಮ್ಮಿ ಕೋಡು."

ಗಾಡಿಯ ಹೆಸರು ತುರಂಗ. ಆ ತುಂಡಿಗೆ ಕಂಪನಿಯವರು ಬ್ರೇಕ್ ಆರ್ಮ್ ಎನ್ನುತ್ತಾರೆ. ಬಲಗಾಲಲ್ಲಿ ಪೆಡಲು ತುಳಿದರೆ ಒಂದು ಸಲಾಕೆ ಈ ಆರ್ಮನ್ನು ಎಳೆಯುತ್ತದೆ; ಆರ್ಮು ತಿರುಗಿದಾಗ ಡ್ರಮ್ಮಿನೊಳಗಿನ ಲೈನರುಗಳು ಅಗಲಗೊಂಡು ಹಿಂದಿನ ಚಕ್ರವನ್ನು ಹಿಡಿಯುತ್ತವೆ. ಆರ್ಮು ಮುರಿದರೆ ಪೆಡಲು ನೆಲದವರೆಗೆ ಹೋಗುತ್ತದೆ, ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಒಂಬತ್ತು ದಿನದ ಹಿಂದೆ ಕೊಳಕೂರಿನ ವಿಠ್ಠಲ ಹೀಗೆಯೇ ಹೋಗಿ ಸೇತುವೆಯ ಕಲ್ಲಿಗೆ ಗುದ್ದಿದ್ದ. ತೊಡೆಯ ಎಲುಬು ಮುರಿದು ಗುಲ್ಬರ್ಗಾದ ದವಾಖಾನೆಯಲ್ಲಿ ಕಾಲು ತೂಗುಹಾಕಿಕೊಂಡು ಮಲಗಿದ್ದಾನೆ. ಅವನ ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಾಗ ಊರವರೆಲ್ಲ ಕುಡಿದಿದ್ದನೆಂದರು. ಬುರಾನುದ್ದೀನನಿಗೆ ಮಾತ್ರ ಎರಡು ತುಂಡಾದ ಆರ್ಮು ಸಿಕ್ಕಿತು. ಬಿದ್ದ ಹೊಡೆತಕ್ಕೆ ಮುರಿದಿರಬೇಕು ಎಂದುಕೊಂಡ. ನಿನ್ನೆ ಆ ಕಾಗದ ಸಿಗುವ ತನಕ ಹಾಗೆಯೇ ಅಂದುಕೊಂಡಿದ್ದ.

ಕಾಗದ ಸಿಕ್ಕಿದ್ದು ಗೌರಾಬಾಯಿಗೆ. ಗುಲ್ಬರ್ಗಾದಿಂದ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಹೆಡ್‌ಲೈಟಿನ ಗಾಜುಗಳು ಒಡೆಯದಿರಲೆಂದು ಆಫೀಸಿನ ರದ್ದಿಯನ್ನು ಮುದ್ದೆ ಮಾಡಿ ತುರುಕಿದ್ದರು. ಅಚ್ಚಾದ ಕಾಗದ ಯಾವುದೇ ಇರಲಿ, ಅವಳು ಬಿಡಿಸಿ ನೋಡದೆ ಒಲೆಗೆ ಹಾಕುವವಳಲ್ಲ. ಆಳಂದದ ಹೈಸ್ಕೂಲಿನಲ್ಲಿ ಮೆಟ್ರಿಕ್‌ವರೆಗೆ ಓದಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದಳು. ಮುಂದೆ ಇಂಗ್ಲಿಷ್ ಕಲಿಸಿದ್ದು ಬಿಡಿಭಾಗಗಳ ಕ್ಯಾಟಲಾಗು. ಹೀಗಾಗಿ ಅವಳಿಗೆ ಕ್ಲಚ್ಚು, ಬುಶ್ಶು, ಸ್ಪ್ರಿಂಗು ಎಲ್ಲ ಓದಲು ಬರುತ್ತಿತ್ತು. ಹೂವು, ಹಕ್ಕಿಗಳ ಹೆಸರು ಬರುತ್ತಿರಲಿಲ್ಲ. ಈ ಕಾಗದದಲ್ಲಿ ಹೂವು ಹಕ್ಕಿ ಇರಲಿಲ್ಲ. ಗಂಡನ ಹಳೆಯ ಡಿಕ್ಷನರಿ ಮುಂದಿಟ್ಟುಕೊಂಡು ಮಧ್ಯಾಹ್ನವೆಲ್ಲ ಕುಳಿತು ಓದಿದಳು. ಗಂಡ ಶಾಂತಲಿಂಗಪ್ಪ ಅಫಜಲಪುರದಲ್ಲಿ ಮಾಸ್ತರನಾಗಿದ್ದು ಶನಿವಾರ ಬಂದು ಸೋಮವಾರ ಹೋಗುವವನು. ಅವನನ್ನು ಕೇಳೋಣವೆಂದರೆ ಅಂದು ಮಂಗಳವಾರ.

ಕಂಪನಿ ಎಲ್ಲ ಡೀಲರುಗಳಿಗೆ ಹೇಳಿತ್ತು: ‘ವಿ’ ಗುರುತಿನ ಆರ್ಮುಗಳ ಉಕ್ಕು ಸರಿಯಾಗಿ ಹದವಾಗಿಲ್ಲ, ಮುರಿಯಬಹುದು. ಗಿರಾಕಿಗಳಿಗೆ ತಕ್ಷಣ ತಿಳಿಸಿ, ಪುಕ್ಕಟೆ ಬದಲಾಯಿಸಿಕೊಡಿ, ಈ ತಿಳುವಳಿಕೆ ಪತ್ರವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿ. ತಾರೀಖು ಮೇ ಹನ್ನೆರಡು, ಎಂಬತ್ತೆಂಟನೆಯ ಇಸವಿ. ಕೆಳಗೆ ನೇರಳೆ ಬಣ್ಣದ ಮೊಹರು: ಗುಲ್ಬರ್ಗಾದ ಏಜೆನ್ಸಿಗೆ ತಲುಪಿದ್ದು ಮೇ ಹತ್ತೊಂಬತ್ತು. ಅವಳು ಓದಿದ್ದು ಸೆಪ್ಟೆಂಬರಿನಲ್ಲಿ.

ಕೊನೆಯ ಸಾಲನ್ನು ಅವಳು ಬುರಾನುದ್ದೀನನಿಗೆ ಕನ್ನಡದಲ್ಲಿ ಹೇಳಿದಾಗ ಅವನು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ.

"ಬದಲಿ ಆರ್ಮು ಬರೂ ತನಕ ಮುಂದಿನ ಬ್ರೇಕಿನ ಮ್ಯಾಲ ಭರವಸಿ ಇಡ್ರಿ ಅಂತ ಗಿರಾಕಿಗಿ ಹೇಳ್ರಿ ಅಂತ ಬರದಾರ, ಮಿಸ್ತ್ರಿ."

ಇಬ್ಬರೂ ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಗಾಡಿಗಳನ್ನು ನೋಡಿದರು. ಒಂದರಲ್ಲೂ ಮುಂದಿನ ಬ್ರೇಕಿನ ವೈರು ಇರಲಿಲ್ಲ.

ಹದಿನಾಲ್ಕು ವರ್ಷದಿಂದ ಇದು ಜೇವರ್ಗಿಯ ಪದ್ಧತಿಯಾಗಿತ್ತು. ಹೊಸ ಗಾಡಿ ಬಂದರೆ ಮೊದಲು ಪೂಜೆ, ಆಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು, ಆಮೇಲೆ ಬುರಾನುದ್ದೀನ ಮಿಸ್ತ್ರಿ. ಅವನು ಮುಂದಿನ ಬ್ರೇಕಿನ ವೈರು ಬಿಚ್ಚಿ, ಸುರುಳಿ ಸುತ್ತಿ, ಒಡೆಯನ ಕೈಗೆ ಕೊಡುತ್ತಿದ್ದ. ಮುಂದಿನದು ಹಿಡಿದರೆ ಗಾಡಿ ತಲೆಕೆಳಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಮುಂದಿನ ಗಾಲಿ ಸಿಕ್ಕಿಬೀಳುವುದನ್ನು ಎಲ್ಲರೂ ಕಂಡಿದ್ದರು. ಹ್ಯಾಂಡಲ್ಲಿನಲ್ಲಿ ಖಾಲಿ ಉಳಿದ ಹಿಡಿಗೆ ಜನ ಬುತ್ತಿಯ ಚೀಲ, ಹಾಲಿನ ಕ್ಯಾನು, ಸಂತೆಯ ಬದನೆಕಾಯಿ ತೂಗುಹಾಕುತ್ತಿದ್ದರು. ವಿಠ್ಠಲ ಬಿದ್ದ ದಿನ ಅವನ ಹಿಡಿಯಲ್ಲಿ ಮಗಳಿಗೆ ಕೊಂಡ ಹೊಸ ಚಪ್ಪಲಿಯ ಪೊಟ್ಟಣವಿತ್ತು.

"ಅಂವ ಹಿಡೀಬೇಕಂದ್ರ ಏನೂ ಇದ್ದಿಲ್ಲ," ಎಂದಿದ್ದ ಬುರಾನುದ್ದೀನ. ಇಂದು ಬೆಳಿಗ್ಗೆ ಬಂದವನೇ ಕಪಾಟಿನಲ್ಲಿರುವ ಆರ್ಮುಗಳನ್ನೆಲ್ಲ ತೆಗೆಯಿರಿ, ನೋಡೋಣ ಎಂದ. ನೋಡಿದ್ದಾಯಿತು.

"ಸಾಹೇಬ್ರ, ತಾಲೂಕಿನಾಗ ತುರಂಗ ಎಷ್ಟವ?" ಎಂದು ಗೌರಾಬಾಯಿ ವ್ಯಂಕಟೇಶನನ್ನು ಕೇಳಿದಳು.

"ನಮ್ಮ ಬ್ಯಾಂಕಿನ ಸಾಲದಾಗ ಹೋಗಿದ್ದ ನೂರಾ ಹನ್ನೊಂದು."

"ಅವರ ಹೆಸರು, ಊರು ಕೊಡ್ರಿ."

"ಅದ್ಹೆಂಗ ಕೊಡಾಕ ಬರ್ತದ್ರಿ ಬಾಯಾರ? ಹೆಡ್ಡಾಫೀಸಿನ ಪರವಾನಗಿ ಬೇಕು. ಬರದ ಕೇಳಿದ್ರ ಮೂರು ತಿಂಗಳು." ವ್ಯಂಕಟೇಶ ಬೆಂಚಿನಿಂದ ಇಳಿದು ತನ್ನ ಗಾಡಿಯ ಕಡೆ ನೋಡಿದ, ಇಳಿದಲ್ಲೇ ನಿಂತ. "ಫೋನ್ ಬೇಕಂದ್ರ ಮಾಡ್ರಿ. ಬ್ಯಾಂಕಿನಿಂದ. ಏಜೆನ್ಸಿಯಾಗೂ ಅದ ಪಟ್ಟಿ ಇರ್ತದಲ್ಲ. ನಿಮ್ಮ ಭಾವನ ಅಲ್ಲೇನು ಡೀಲರು?"

ಹೌದು, ಭಾವನೇ. ಗುಲ್ಬರ್ಗಾದ ತುರಂಗ ಏಜೆನ್ಸಿ ಗಂಡನ ಅಣ್ಣ ಜಗದೇವಪ್ಪನದು. ಈ ಅಂಗಡಿಯ ಮಾಲು ಬರುವುದು ಅವನಿಂದ. ಅಂಗಡಿ ಇರುವುದು ಗಂಡನ ಹೆಸರಿನಲ್ಲಿ, ನಡೆಸುವವಳು ಇವಳು. ಜೇವರ್ಗಿಗೊಂದು ಉಪ ಏಜೆನ್ಸಿ ಕೊಡಿ, ನನ್ನ ಹೆಸರಿಗೇ ಕೊಡಿ, ಗಾಡಿಯನ್ನೂ ನಾನೇ ಮಾರುತ್ತೇನೆ ಎಂದು ನಾಲ್ಕು ವರ್ಷದಲ್ಲಿ ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ ಜಗದೇವಪ್ಪ ನಕ್ಕು, "ಮಾಡೋಣಂತ," ಎಂದಿದ್ದ. ಇದನ್ನು ಬಿಟ್ಟರೆ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಏಜೆನ್ಸಿಯ ಹೆಸರಿನ ಹಲಗೆಯನ್ನು ಎಲ್ಲಿ ತೂಗುಹಾಕಬೇಕು, ಬಸ್ಸಿನಲ್ಲಿ ಕುಳಿತವರಿಗೆ ಯಾವ ಕಡೆಯಿಂದ ಮೊದಲು ಕಾಣುತ್ತದೆ ಎಂಬುದನ್ನೂ ಲೆಕ್ಕ ಹಾಕಿಟ್ಟಿದ್ದಳು.

ಬ್ಯಾಂಕಿನ ಫೋನಿನಲ್ಲಿ ಗುಲ್ಬರ್ಗಾ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು.

"ಯಾರು, ಗೌರಾ? ಆರಾಮ ಇದ್ದೀಯೇನು ಯವ್ವಾ? ಗಾಜು ಬಂದು ಮುಟ್ಟಿದವಾ?"

"ಮುಟ್ಟಿದವ್ರಿ ಭಾವಾರ. ಗಾಜಿನ ಜೋಡಿ ಕಂಪನಿ ನೋಟೀಸೂ ಮುಟ್ಟಿತು."

ಆ ಕಡೆ ಜಗದೇವಪ್ಪ ಯಾರಿಗೋ ಬಾಗಿಲು ಮುಚ್ಚಲು ಹೇಳಿದ್ದು ಕೇಳಿತು.

"ಅದು ಡೀಲರಿಗಿ ಬಂದ ಕಾಗದ. ಅದರ ಉಸಾಬರಿ ನಿನಗ್ಯಾಕ?"

"ಗಿರಾಕಿಗಿ ಹೇಳ್ರಿ ಅಂತ ಅದ್ರಿ ಅದರಾಗ."

"ಹೇಳೂನು. ಸರ್ವಿಸಿಗಿ ಗಾಡಿ ಬಂದಂಗ ಬಂದಂಗ ಬದಲು ಮಾಡೂನು. ಈಗ ಹೇಳಿದ್ರ ಏನಾಕ್ಕದ ಗೊತ್ತದೇನು? ದಸರಾಕ್ಕ ನಲವತ್ತು ಗಾಡಿ ತರಸಾಕತ್ತೇನಿ. ಒಂದೂ ಹೋಗೂದಿಲ್ಲ."

"ಜೇವರ್ಗಿಗಿ ಸರ್ವಿಸಂದ್ರ ಬುರಾನ ಮಿಸ್ತ್ರಿ, ಭಾವಾರ. ನಿಮ್ಮಲ್ಲಿಗಿ ಯಾವ ಗಾಡಿ ಬರ್ತದ? ಪಟ್ಟಿ ಕೊಡ್ರಿ, ನಾನ ಹೇಳಿ ಕಳಸ್ತೇನಿ. ವಿಠ್ಠಲ ಕಾಲ ಮುರಕೊಂಡು ಬಿದ್ದಾನ."

"ಅಂವ ಕುಡದಿದ್ದ ಅಂತ ಕೇಳೀನಿ."

"ಅಂವ ಮಾಳಕರಿ ಅದಾನ್ರಿ. ತುಳಸಿಮಾಲಿ ಹಾಕ್ಕೊಂಡಾಂವ, ಕುಡ್ಯೂದಿಲ್ಲ."

"ಗೌರಾ," ಎಂದ ಜಗದೇವಪ್ಪ, ಸಿಟ್ಟಿಲ್ಲದ ದನಿಯಲ್ಲಿ, "ಆ ಕಾಗದ ಹರದು ಒಲಿಗಿ ಹಾಕು. ನಿನ್ನ ಏಜೆನ್ಸಿ ಮಾತು ನನ್ನ ತಲ್ಯಾಗ ಅದ."

ಅವಳು ಫೋನ್ ಇಟ್ಟಳು. ವ್ಯಂಕಟೇಶ ಪಕ್ಕದ ಮೇಜಿನಲ್ಲಿ ಕುಳಿತು ಏನೂ ಕೇಳಿಸದವನಂತೆ ಪೆನ್ಸಿಲು ಚೂಪು ಮಾಡುತ್ತಿದ್ದ.

ಜೇವರ್ಗಿಯಲ್ಲಿ ಡಂಗುರ ಸಾರುವವನು ಸಾಯಿಬಣ್ಣ. ಚರ್ಮದ ಹಲಗೆವಾದ್ಯವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡು ಅವನು ಸಂತೆಯ ಮೂಲೆಯಲ್ಲಿ ಬಾರಿಸಿದರೆ ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತಿತ್ತು. ಮರುದಿನ ಗೌರಾಬಾಯಿ ಕರೆಸಿದಾಗ ಅವನು ಅಂಗಡಿಯ ಮುಂದೆ ನಿಂತು ಮೊದಲು ಕೇಳಿದ್ದು ಒಂದೇ.

"ಸರಕಾರದ್ದೋ, ದ್ಯಾವರದ್ದೋ?"

"ಎರಡೂ ಅಲ್ಲ. ಮೋಟಾರ್ ಸೈಕಲ್ಲಿಂದು."

"ಮತ್ತ ಯಾರರ ಎಮ್ಮಿ ಕಳದ್ರ ಸಾರೀನ್ರಿ. ಇದು ಹೊಸಾದು." ಸಾಯಿಬಣ್ಣ ಗಲ್ಲ ಕೆರೆದುಕೊಂಡ. "ಹೇಳ್ರಿ. ಆದ್ರ ಒಂದು ಉಸುರಿಗಿ ಎಷ್ಟ ಹಿಡಸ್ತದ ಅಷ್ಟ ಹೇಳ್ರಿ. ನಡಕ ಉಸುರು ತಗೊಂಡ್ರ ಮಂದಿ ಎದ್ದು ಹೋಗ್ತಾರ."

ಗೌರಾಬಾಯಿ ಬರೆದಿಟ್ಟುಕೊಂಡಿದ್ದ ಅರ್ಧ ಪುಟವನ್ನು ಓದಿದಳು. ಸಾಯಿಬಣ್ಣ ತಲೆ ಅಲ್ಲಾಡಿಸಿದ. ಬ್ರೇಕ್ ಆರ್ಮ್ ಎಂದರೆ ಯಾರಿಗೂ ತಿಳಿಯುವುದಿಲ್ಲ, ಉಕ್ಕಿನ ಹದ ಎಂದರೆ ಕುಡುಗೋಲಿನ ಮಾತೆಂದುಕೊಳ್ಳುತ್ತಾರೆ, ‘ವಿ’ ಎಂದರೆ ತನಗೇ ತಿಳಿಯುವುದಿಲ್ಲ ಎಂದ. ಬುರಾನುದ್ದೀನನೂ ಸೇರಿ ಮೂವರೂ ಕುಳಿತು ಒಂದೊಂದೇ ಮಾತನ್ನು ಕಿತ್ತರು. ಕೊನೆಗೆ ಗೌರಾಬಾಯಿ, "ಇಷ್ಟ ಸಾಕು," ಎಂದಾಗ ಬುರಾನುದ್ದೀನ ಅಡ್ಡ ಬಂದ.

"ನನ್ನ ಹೆಸರು ಹಾಕ್ರಿ."

"ನಿಂದ್ಯಾಕ?"

"ಮುಂದಿನ ಬ್ರೇಕು ಹಾಕಸ್ಕೋರಿ ಅಂತ ಬರೇ ಹೇಳಿದ್ರ ಒಬ್ಬರೂ ಬರೂದಿಲ್ಲ ಅಕ್ಕಾರ. ತಗೀರಿ ಅಂದಾಂವ ನಾನು. ಹಾಕ್ರಿ ಅನ್ನೂದೂ ನಾನ ಅನ್ನಬೇಕು."

"ಮಂದಿ ನಿನಗ ಬಯ್ತಾರ ಮಿಸ್ತ್ರಿ."

"ಬಯ್ಲಿ. ಬಯ್ಯಾಕರ ಬರ್ತಾರಲ್ಲ."

ಸಂತೆಯ ದಿನ ಹೊತ್ತೇರಿದ ಮೇಲೆ ಸಾಯಿಬಣ್ಣನ ಹಲಗೆ ಸದ್ದು ಮಾಡಿತು. ಮೆಣಸಿನಕಾಯಿ ಮಾರುವವರು ತಕ್ಕಡಿ ಕೆಳಗಿಟ್ಟರು.

"ಕೇಳ್ರಪ್ಪೋ ಕೇಳ್ರಿ! ತುರಂಗ ಗಾಡಿ ಇದ್ದವರು ಕೇಳ್ರಿ! ಹಿಂದಿನ ಗಾಲಿ ಮಗ್ಗಲದ ಕಬ್ಬಿಣ ತಿಕ್ಕಿ ನೋಡ್ರಿ! ಎಮ್ಮಿ ಕೋಡಿನ ಗುರ್ತ ಇದ್ರ ಗಾಡಿ ಹತ್ತಬ್ಯಾಡ್ರಿ, ನೂಕ್ಕೊಂಡು ಗೌರಾಬಾಯಿ ಅಂಗಡಿಗಿ ತರ್ರಿ! ಮುಂದಿನ ಬ್ರೇಕು ಬಿಚ್ಚಿದಾಂವ ಬುರಾನ ಮಿಸ್ತ್ರಿ, ತಿರಗಿ ಕಟ್ಟಾಂವನೂ ಅಂವನ! ಇದು ಕಂಪನಿ ಹುಕುಂ ಅದ, ಬಾಯಿ ಮಾತಲ್ಲೋ!"

ಒಂದೇ ಉಸಿರು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ, ಆಮೇಲೆ ಪಂಚಾಯತಿ ಕಟ್ಟೆಯಲ್ಲಿ. ಮರುದಿನ ಕೊಳಕೂರಿನಲ್ಲಿ. ಅಲ್ಲಿಂದ ಮುಂದಕ್ಕೆ ಸಾಯಿಬಣ್ಣ ಹೋಗಬೇಕಾಗಲಿಲ್ಲ. ಒಂದೊಂದು ಊರಿನ ಡಂಗುರದವನು ಪಕ್ಕದ ಊರಿನವನಿಗೆ ಬಾಯಿಪಾಠ ಒಪ್ಪಿಸಿದ. ಐದನೆಯ ದಿನ ಸೊನ್ನದ ಕಡೆಯಿಂದ, ಬೇರೆ ತಾಲೂಕಿನಿಂದ, ಒಬ್ಬ ಗಾಡಿ ನೂಕಿಕೊಂಡು ಬಂದ. ಅವನೂರಲ್ಲಿ ಮಾತು ಮುಟ್ಟುವ ಹೊತ್ತಿಗೆ ಗಾಡಿ ಹತ್ತಿದವರ ತಲೆಗೆ ಕೋಡು ಮೂಡುತ್ತದೆ ಎಂದೂ ಸೇರಿತ್ತು. ಅವನು ನಂಬಿರಲಿಲ್ಲ, ಆದರೂ ಹದಿನೈದು ಮೈಲಿ ನೂಕಿದ್ದ.

ಕೊಳಕೂರಿನವರು ಆರು ಜನ ಸಾಲಾಗಿ ಬಂದರು. ಗುಲ್ಬರ್ಗಾ–ಬಿಜಾಪುರ ರಸ್ತೆಯಲ್ಲಿ ಎತ್ತುಗಳನ್ನು ಹೊಡೆದುಕೊಂಡು ಬರುವಂತೆ ಗಾಡಿಗಳನ್ನು ಕೊಂಬು ಹಿಡಿದು ನಡೆಸಿಕೊಂಡು ಬಂದರು. ಬಂದವರು ಮೊದಲು ಮಾಡಿದ ಕೆಲಸ ಬುರಾನುದ್ದೀನನನ್ನು ಬಯ್ಯುವುದು.

"ಲೇ ಬುರಾನ್ಯಾ, ಬಿಚ್ಚಾಕ ಚಾ ಕುಡದಿ, ಈಗ ಕಟ್ಟಾಕ ಏನ್ ಕುಡೀತಿ?"

"ಬೈಗಳ ಕುಡ್ಯಾಕತ್ತೇನಿ, ಸಾಲ್ದೇನು? ವೈರು ತಂದೀಯೇನು, ಎಮ್ಮಿ ಕಟ್ಟಾಕ ಕೊಟ್ಟೀಯೇನು?"

ಅರ್ಧ ಜನ ಎಮ್ಮೆ ಕಟ್ಟಲು ಕೊಟ್ಟಿದ್ದರು. ಗೌರಾಬಾಯಿ ಕಪಾಟಿನಲ್ಲಿದ್ದ ಹೊಸ ವೈರುಗಳನ್ನು ತೆಗೆದು ಕೊಟ್ಟಳು. ಒಬ್ಬ ಮುದುಕ ಮಾತ್ರ ಹಿಡಿಯನ್ನು ಮುಟ್ಟಗೊಡಲಿಲ್ಲ.

"ಇದಕ್ಕ ಬ್ರೇಕು ಕಟ್ಟಿದ್ರ ನನ್ನ ಬುತ್ತಿ ಚೀಲ ಎಲ್ಲಿ ತೂಗ ಹಾಕಲಿ?"

"ಕೊಳ್ಳಾಗ ಹಾಕ್ಕೋ ಕಾಕಾ."

"ಮುಂದಿಂದು ಹಿಡದ್ರ ಪಲ್ಟಿ ಹೊಡೀತದಂತ ನೀನ ಹೇಳಿದ್ದೆಲ್ಲಲೇ! ನೀ ಹಿಡದು ತೋರ್ಸು ಮೊದಲ."

ಗೌರಾಬಾಯಿಗೆ ಆಗ ಹೊಳೆಯಿತು: ಬುರಾನುದ್ದೀನ ತನ್ನ ಜನ್ಮದಲ್ಲಿ ಮುಂದಿನ ಬ್ರೇಕು ಹಿಡಿದವನಲ್ಲ. ಅವನ ಉಸ್ತಾದ ಬಿಚ್ಚು ಎಂದಿದ್ದ, ಅವನು ಬಿಚ್ಚುತ್ತ ಬಂದಿದ್ದ. ಈಗ ಅವನು ಮುದುಕನ ಗಾಡಿಗೆ ತಾನೇ ವೈರು ಕಟ್ಟಿ, ಕೈ ಒರೆಸಿಕೊಂಡು ಅದನ್ನು ಹತ್ತಿ, ಹಿಂದಿನ ಪೆಡಲಿನಿಂದ ಕಾಲು ಪೂರ್ತಿ ತೆಗೆದು, ಡಾಂಬರು ರಸ್ತೆಯಲ್ಲಿ ಕಾಟನ್ ಮಿಲ್ಲಿನ ಗೋಡೆಯವರೆಗೆ ಹೋಗಿ ತಿರುಗಿಸಿಕೊಂಡ. ಬರುವಾಗ ವೇಗ ಹೆಚ್ಚಿಸಿದ. ಅಂಗಡಿಯ ಎದುರು ಎರಡು ಬೆರಳಿನಿಂದ ಹಿಡಿಯನ್ನು ಒತ್ತಿದ. ಗಾಡಿಯ ಮೂಗು ತುಸು ತಗ್ಗಿತು. ನಿಂತಿತು.

ಅವನು ಇಳಿಯಲಿಲ್ಲ. ಗಾಡಿ ಬಂದ್ ಮಾಡಿ ಅದರ ಮೇಲೆಯೇ ಕುಳಿತಿದ್ದ. ಗೌರಾಬಾಯಿ ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ಹೇಳಿದ, "ನಿಂತುಬಿಡ್ತದ್ರಿ ಅಕ್ಕಾರ. ಏನೂ ಆಗೂದಿಲ್ಲ. ಸುಮ್ನ ನಿಂತುಬಿಡ್ತದ."

ಕಪಾಟಿನಲ್ಲಿ ಹಳೆಯ ಗುರುತಿನ, ಗಟ್ಟಿ ಆರ್ಮುಗಳು ಹದಿನೆಂಟು ಇದ್ದವು. ಅವು ಮೊದಲ ಎರಡು ದಿನಕ್ಕೇ ಮುಗಿದವು. ಆಮೇಲೆ ಬಂದ ಗಾಡಿಗಳ ಕೋಡಿನ ಗುರುತಿನ ಆರ್ಮು ತೆಗೆದುಹಾಕಿ ಅಲ್ಲಿಯೇ ನಿಲ್ಲಿಸಿಕೊಂಡರು. ಕಂಪನಿ ಕೊಡಬೇಕು, ಕೊಡುವವರೆಗೂ ಗಾಡಿ ಹೊರಡಬಾರದು ಎಂದಳು ಗೌರಾಬಾಯಿ. ಕೆಲವರು ಬೈದರು, ಕೆಲವರು ಕೂಗಾಡಿದರು, ಒಬ್ಬ ಕಳ್ಳನಂತೆ ತನ್ನ ಗಾಡಿಯನ್ನೇ ಕದಿಯಲು ನೋಡಿದ; ಅವಳು ಕೀಲಿಗಳನ್ನು ಸೊಂಟಕ್ಕೆ ಕಟ್ಟಿಕೊಂಡಳು. ಕಂಪನಿಗೆ ನೇರ ಒಂದು ಪತ್ರ ಬರೆದು ರಿಜಿಸ್ಟರ್ ಮಾಡಿದಳು. ಅದರ ಇಂಗ್ಲಿಷನ್ನು ವ್ಯಂಕಟೇಶ ತಿದ್ದಿಕೊಟ್ಟ, ತಾನು ತಿದ್ದಿದ್ದೆಂದು ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡ. ಎರಡು ವಾರದಲ್ಲಿ ನಲವತ್ಮೂರು ತುರಂಗಗಳು ಹೆದ್ದಾರಿಯ ಬದಿಗೆ ಒಂದೇ ಸಾಲಿನಲ್ಲಿ ಮುಖ ಮಾಡಿ ನಿಂತವು. ಬಿಜಾಪುರದ ಬಸ್ಸುಗಳು ವೇಗ ಕಡಿಮೆ ಮಾಡಿ ನೋಡಿಕೊಂಡು ಹೋಗತೊಡಗಿದವು. ಕಂಡಕ್ಟರುಗಳು ಪ್ರಯಾಣಿಕರಿಗೆ ಕಾರಣ ಹೇಳುತ್ತಿದ್ದರು.

ಹದಿನೈದನೆಯ ದಿನ ಮಧ್ಯಾಹ್ನ ಜಗದೇವಪ್ಪನ ಬಿಳಿ ಕಾರು ಆ ಸಾಲಿನ ಉದ್ದಕ್ಕೂ ನಿಧಾನವಾಗಿ ಬಂದು ಅಂಗಡಿಯ ಮುಂದೆ ನಿಂತಿತು.

ಅವನು ದೊಡ್ಡ ಆಳು, ಬಿಳಿ ಧೋತರ, ಹಣೆಯಲ್ಲಿ ವಿಭೂತಿ. ಗೌರಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕುರ್ಚಿ ಹಾಕಿದಳು, ನೀರು ಕೊಟ್ಟಳು. ಅವನು ನೀರು ಕುಡಿದು ತಂಬಿಗೆ ಕೆಳಗಿಟ್ಟು ಹೊರಗಿನ ಸಾಲನ್ನು ನೋಡಿದ.

"ಭಾಳ ಚಂದ ಜಾತ್ರಿ ಹೂಡೀದಿ ಯವ್ವಾ. ಗುಲ್ಬರ್ಗಾದಾಗ ಹುಡುಗ್ರು ನನ್ನ ಅಂಗಡಿ ಮುಂದ ಹಾಯುವಾಗ ತಲಿ ಮ್ಯಾಲ ಎರಡು ಬೆರಳು ಇಟ್ಟು ತೋರಸ್ತಾರ."

"ಆರ್ಮು ಬಂದವೇನ್ರಿ ಭಾವಾರ?"

"ಬಂದಾವ. ಕಂಪನಿಯವರು ನೂರೈವತ್ತು ಕಳಿಸ್ಯಾರ. ನಾಳಿ ನಿನ್ನ ಅಂಗಡಿಗಿ ಮುಟ್ಟತಾವ. ಅದಕ್ಕ ನಾ ಅಡ್ಡ ಬರೂದಿಲ್ಲ, ಬಂದ್ರೂ ನಡ್ಯೂದಿಲ್ಲ." ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಗುರುವಾರ ಕಂಪನಿ ಇಂಜಿನಿಯರ್ ಬರಾಕತ್ತಾನ. ನಿನ್ನ ಪತ್ರ ನೋಡೇ ಬರಾಕತ್ತಾನ. ಮೇದಾಗ ಬಂದ ನೋಟೀಸು ಸೆಪ್ಟೆಂಬರ್ ತನಕ ಎಲ್ಲಿತ್ತು ಅಂತ ಕೇಳ್ತಾನ. ಅದಕ್ಕ ಇದೊಂದು ಹೇಳಿಕಿ, ನಿನ್ನ ದಸ್ಕತ್ ಬೇಕು. ಓದಿ ಹೇಳಲೇನು?"

"ಕೊಡ್ರಿ, ನಾನ ಓದ್ತೇನಿ."

ಟೈಪು ಮಾಡಿದ ಇಂಗ್ಲಿಷ್. ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಬಹಳ ಹೊತ್ತು ಹಿಡಿಯಿತು. ಬುರಾನುದ್ದೀನ ಹೊರಗೆ ಒಂದು ಚಕ್ರ ಬಿಚ್ಚುತ್ತಿದ್ದವನು ಕೆಲಸ ನಿಲ್ಲಿಸಿ ಬಾಗಿಲ ಹತ್ತಿರ ಬಂದು ನಿಂತ.

"‘ಡ್ಯೂಲಿ’ ಅಂದ್ರ ಏನ್ರಿ?"

"ಸುಮ್ನ ಒಂದು ಮಾತು. ಇಂಗ್ಲಿಷ್‌ನಾಗ ಹಾಕ್ತಾರ."

ಅವಳು ಒಳಗೆ ಹೋಗಿ ಡಿಕ್ಷನರಿ ತಂದಳು. ಜಗದೇವಪ್ಪ ಗಡಿಯಾರ ನೋಡಿಕೊಂಡ. ಅವಳು ಪುಟ ತಿರುವಿ, ಹುಡುಕಿ, ಪುಸ್ತಕ ಮುಚ್ಚಿದಳು.

"ಸರಿಯಾದ ವ್ಯಾಳೇಕ್ಕ, ಸರಿಯಾದ ರೀತೀಲೆ ಅಂತದ," ಎಂದು ಬುರಾನುದ್ದೀನನಿಗೆ ಕೇಳುವಂತೆ ಹೇಳಿದಳು. "ನೋಟೀಸು ಮೇದಾಗ ನನಗ ಬಂತು, ನಾನು ಸರಿಯಾದ ರೀತೀಲೆ ಗ್ವಾಡಿಗಿ ಹಚ್ಚಿದ್ದೆ ಅಂತ ಇದರಾಗ ಬರದಾರ, ಮಿಸ್ತ್ರಿ. ವಿಠ್ಠಲ ಬಿದ್ದಿದ್ದು ಆರ್ಮಿನಿಂದ ಅಲ್ಲ, ಜೇವರ್ಗಿ ಬುರಾನುದ್ದೀನ ಅನ್ನೂ ಮಿಸ್ತ್ರಿ ಮುಂದಿನ ಬ್ರೇಕು ಬಿಚ್ಚಿದ್ದಕ್ಕ ಅಂತ ಬರದಾರ. ಡಂಗುರ ಹೊಡಸಿದ್ದು ನನ್ನ ತಿಳುವಳಿಕಿ ಕಡಿಮಿ ಅಂತ ಬರದಾರ."

"ಬಿಚ್ಚಿದ್ದು ಸುಳ್ಳೇನು?" ಎಂದ ಜಗದೇವಪ್ಪ. "ಅಂವನ ಡಂಗುರದಾಗ ಸಾರಸ್ಯಾನ. ಇಡೀ ತಾಲೂಕ ಕೇಳ್ಯದ. ಅಂವ ಹೇಳಿದ್ದನ್ನ ನಾ ಬರದೀನಿ. ಕೆಳಗ ನೋಡು, ಶಾಂತಲಿಂಗನೂ ಸಾಕ್ಷಿ ದಸ್ಕತ್ ಹಾಕ್ಯಾನ. ಅಫಜಲಪುರಕ್ಕ ಹೋಗೇ ಬಂದೆ."

ಅವಳು ಕೆಳಗೆ ನೋಡಿದಳು. ಗಂಡನ ಸಹಿ. ಮಕ್ಕಳ ಪ್ರಗತಿ ಪತ್ರಗಳ ಮೇಲೆ ಹಾಕುವಂತೆಯೇ ಸ್ಪಷ್ಟವಾಗಿ, ಕೆಳಗೊಂದು ಗೆರೆ ಎಳೆದು ಹಾಕಿದ ಸಹಿ. ಅವನು ಕಾಗದವನ್ನು ಓದಿದ್ದನೋ ಇಲ್ಲವೋ. ಅವನಿಗೆ ಇಂಗ್ಲಿಷ್ ಚೆನ್ನಾ‌ಗಿ ಬರುತ್ತಿತ್ತು.

ಜಗದೇವಪ್ಪ ಡ್ರೈವರಿಗೆ ಕೈ ಮಾಡಿದ. ಡ್ರೈವರು ಕಾರಿನ ಹಿಂಬದಿಯಿಂದ ಗೋಣಿಚೀಲ ಸುತ್ತಿದ ಹಲಗೆಯನ್ನು ಹೊರತೆಗೆದು, ಬಿಚ್ಚಿ, ಅಂಗಡಿಯ ಕಟ್ಟೆಗೆ ಆನಿಸಿದ. ಮೂರು ಮೊಳದುದ್ದ. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ. ಶ್ರೀಮತಿ ಗೌರಾಬಾಯಿ, ತುರಂಗ ಮೋಟಾರ್ ಸೈಕಲ್ಲುಗಳ ಅಧಿಕೃತ ಮಾರಾಟಗಾರರು, ಜೇವರ್ಗಿ. ಗಂಡನ ಹೆಸರಿರಲಿಲ್ಲ. ಜಗದೇವಪ್ಪ ಅದನ್ನು ಬೇಕೆಂದೇ ಕೈಬಿಡಿಸಿದ್ದ. ಅವಳಿಗೆ ಏನು ಬೇಕೆಂಬುದನ್ನು ಅವನು ನಾಲ್ಕು ವರ್ಷದಿಂದಲೂ ಚೆನ್ನಾಗಿ ತಿಳಿದುಕೊಂಡಿದ್ದ.

"ದಸರಾದ ನಲವತ್ತು ಗಾಡ್ಯಾಗ ಹದಿನೈದು ನಿನ್ನವು. ಇವತ್ತ ಮೊಳಿ ಹೊಡಸಿ ಹೋಗ್ತೇನಿ. ಇಲ್ಲಂದ್ರ ಯವ್ವಾ, ಗುರುವಾರ ಆದ ಮ್ಯಾಲ ನನ್ನ ಏಜೆನ್ಸಿನ ಇರ್ತದೋ ಇಲ್ಲೋ. ನಂದು ಹೋದ್ರ ನಿನ್ನ ಕಪಾಟಿಗಿ ಮಾಲು ಎಲ್ಲಿಂದ ಬರ್ತದ? ಅದೊಂದು ವಿಚಾರ ಮಾಡು."

ಹೊರಗೆ ಬಿಜಾಪುರದ ಬಸ್ಸೊಂದು ಸಾಲನ್ನು ನೋಡುತ್ತ ಮೆಲ್ಲಗೆ ಹಾದುಹೋಯಿತು. ಕಿಟಕಿಗಳಲ್ಲಿದ್ದ ಮುಖಗಳು ಹಲಗೆಯ ಕಡೆಗೂ ತಿರುಗಿದವು. ಅವು ಓದುತ್ತಿದ್ದುದು ಅವಳಿಗೆ ಕಂಡಿತು.

"ಹಾಕ್ರಿ ಅಕ್ಕಾರ," ಎಂದ ಬುರಾನುದ್ದೀನ ಬಾಗಿಲಿನಿಂದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುಕೂ ಇರಲಿಲ್ಲ. "ನಾ ಬಿಚ್ಚಿದ್ದು ಖರೆ ಅದ. ನನ್ನ ಮ್ಯಾಲ ಬಂದ್ರ ಬರ್ಲಿ. ಕೇಸಾದ್ರ ಆಗ್ಲಿ. ನಾನು ಟಯರು ಪಂಕ್ಚರ್ ಹಾಕಿ ಜೀವನ ಮಾಡ್ತೇನಿ. ನಿಮ್ಮ ಬೋರ್ಡು ಬಂದದ, ಬಿಡಬ್ಯಾಡ್ರಿ."

"ನೀ ಬಿಚ್ಚಿದ್ದು ಎಲ್ಲಾರ ಮುಂದ ಹೇಳೀದಿ," ಎಂದಳು ಗೌರಾಬಾಯಿ. "ಆರ್ಮು ಮುರೀತದ ಅಂತ ಗೊತ್ತಿದ್ದು ನಾಕು ತಿಂಗಳು ಸುಮ್ಮ ಕುಂತವರು ಯಾರು ಹೇಳ್ಯಾರ?"

"ನೋಡು, ಮಿಸ್ತ್ರೀನ ಒಪ್ಪ್ಯಾನ," ಎಂದ ಜಗದೇವಪ್ಪ. ಅವನು ಪೆನ್ನಿನ ಟೋಪಿ ತೆಗೆದು ಅವಳ ಕಡೆ ಚಾಚಿದ. "ನಿನ್ನ ಗಂಡ ಒಪ್ಪ್ಯಾನ. ಆರ್ಮು ಬಂದಾವ. ಗಾಡಿ ನಾಳಿ ಹೊಂಡತಾವ. ಯಾರಿಗಿ ಏನು ಲುಕ್ಸಾನು? ಒಂದು ದಸ್ಕತ್. ನಿನ್ನ ಹೆಸರು ಅಲ್ಲಿ ಬರದಾಗ್ಯದ, ಇಲ್ಲೊಂದು ಸಲ ಬರಿ. ಹಿಡಿ."

ಪೆನ್ನು ಅವಳ ಮುಂದೆ ಇತ್ತು. ಅವಳು ಹಲಗೆಯನ್ನು ಇನ್ನೊಮ್ಮೆ, ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದಳು. ಬಣ್ಣ ಚೆನ್ನಾಗಿತ್ತು. ಆಮೇಲೆ ಕಾಗದವನ್ನು ಮೊದಲಿದ್ದಂತೆ ಮಡಿಸಿ ಭಾವನ ಕೈಗೆ ಕೊಟ್ಟಳು.

"ಬ್ಯಾಡ್ರಿ," ಎಂದಳು. "ದಸ್ಕತ್ ಹಾಕೂದಿಲ್ಲ. ಬೋರ್ಡೂ ಬ್ಯಾಡ. ಹೊಳ್ಳಿ ಒಯ್ರಿ."